ಹ್ಯಾಕರ್ ಅಂತ ಹೆಸರು ಹಾಕಿ ಮಾನ ಹರಾಜು: ಯಾರಿಗೆ ತಾಗುತ್ತೆ, ಯಾರಿಗೆ ತಾಗಲ್ಲ?

ಬಿಜಿಎಂಐ ಅಂದರೆ ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಆಟ. ಮೈಸೂರು, ಮಂಡ್ಯ ಕಡೆಯ ಹುಡುಗರ ಬಿಜಿಎಂಐ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ತರಹದ ಪೋಸ್ಟ್ ಆಗಾಗ ಬರುತ್ತದೆ. ಒಂದು ಸ್ಕ್ರೀನ್‌ಶಾಟ್, ಅದರಲ್ಲಿ ಒಂದು ಐಡಿಗೆ ಕೆಂಪು ಗೆರೆ ಸುತ್ತಿರುತ್ತಾರೆ. ಕೆಳಗೆ ‘ಇವನೇ ಹ್ಯಾಕರ್, ಎಲ್ಲಾ ಗ್ರೂಪಿಗೂ ಹಾಕಿ’ ಅಂತ ಬರೆದಿರುತ್ತದೆ. ಹ್ಯಾಕರ್ ಅಂದರೆ ಇಲ್ಲಿ ಮೋಸದ ಸಾಫ್ಟ್‌ವೇರ್ ಹಾಕಿಕೊಂಡು ಆಡುವವನು. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಆ ಐಡಿಯ ಹುಡುಗನ ಇನ್‌ಸ್ಟಾಗ್ರಾಂ ಹುಡುಕಿ ತರುತ್ತಾನೆ. ಇನ್ನೊಬ್ಬ ಅವನು ಓದುವ ಕಾಲೇಜು ಹೇಳುತ್ತಾನೆ. ಮತ್ತೊಬ್ಬ ಅವರಪ್ಪನ ಅಂಗಡಿ ಎಲ್ಲಿದೆ ಅಂತಾನೂ ಹೇಳಿಬಿಡುತ್ತಾನೆ. ದೊಡ್ಡ ಊರಲ್ಲಾದರೆ ಐಡಿ ಐಡಿಯಾಗೇ ಉಳಿಯುತ್ತದೇನೋ. ಇಲ್ಲಿ ಕುವೆಂಪುನಗರದ ಹುಡುಗನ ಗೇಮ್ ಐಡಿ ಯಾರದು ಅಂತ ಸರಸ್ವತಿಪುರಂನಲ್ಲಿ ಗೊತ್ತಿರುತ್ತದೆ. ಮಂಡ್ಯದಲ್ಲಂತೂ ಕೇಳೋದೇ ಬೇಡ.

ಕೋಪ ಬರೋದು ತಪ್ಪಲ್ಲ. ಕಸ್ಟಮ್ ರೂಮ್, ಅಂದರೆ ಯಾರಾದರೂ ಸ್ವಂತವಾಗಿ ನಡೆಸುವ ಖಾಸಗಿ ಮ್ಯಾಚ್, ಆಡಿದವರಿಗೆ ಇದು ಗೊತ್ತು. ಒಂದು ಮ್ಯಾಚಿಗೆ ನೂರು ಜನ. ತಲೆಗೆ ಮೂವತ್ತೋ ಐವತ್ತೋ ರೂಪಾಯಿ ಎಂಟ್ರಿ. ಅರ್ಧ ಗಂಟೆ ಕಣ್ಣು ಮಿಟುಕಿಸದೆ ಆಡಿ ಕೊನೇ ಸರ್ಕಲ್‌ವರೆಗೆ ಬಂದಿರುತ್ತೀರಿ. ಹುಲ್ಲಲ್ಲಿ ಮಲಗಿದ್ದೀರಿ. ಗುಂಡು ಹಾರಿಸಿಲ್ಲ, ಸದ್ದು ಮಾಡಿಲ್ಲ. ದಿಬ್ಬದ ಆಚೆ ಇದ್ದವನೊಬ್ಬ ನೇರ ನಿಮ್ಮ ಕಡೆಗೇ ತಿರುಗಿ ಇಡೀ ಸ್ಕ್ವಾಡನ್ನು ಮಲಗಿಸಿ ಹೋಗುತ್ತಾನೆ. ಇವನು ಇಎಸ್‌ಪಿ ಹಾಕಿದ್ದಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಗೋಡೆ, ದಿಬ್ಬದ ಹಿಂದೆ ಅಡಗಿದವರನ್ನೂ ಡಬ್ಬಿ ಗೆರೆ ಹಾಕಿ ತೋರಿಸುವ ಹ್ಯಾಕ್ ಅದು.

ದುಡ್ಡೂ ಹೋಯ್ತು, ಆಟವೂ ಹೋಯ್ತು. ಇನ್ನು ದೂರು ಕೊಡೋದು ಯಾರಿಗೆ? 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿ, ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್‌ಗೆ ಬೇರೆ ಜಾಗ ಕೊಟ್ಟಿದೆ. ಗಲ್ಲಿ ರೂಮುಗಳ ಎಂಟ್ರಿ ಫೀಸು ಈ ಗೆರೆಯ ಯಾವ ಕಡೆ ಬೀಳುತ್ತೆ ಅಂತ ಕೇಳಿದರೆ ರೂಮ್ ನಡೆಸುವವನೇ ತಡವರಿಸುತ್ತಾನೆ. ಸ್ಟೇಷನ್‌ಗೆ ಹೋದರೆ ಹ್ಯಾಕರ್‌ಗಿಂತ ಮೊದಲು ಉತ್ತರ ಹೇಳಬೇಕಾಗಿ ಬರೋದು ರೂಮ್ ನಡೆಸುವವನಿಗೇ. ಹಾಗಾಗಿ ಯಾರೂ ಹೋಗಲ್ಲ. ಹೆಸರು ಹಾಕಿ ಮಾನ ಕಳೆಯೋದೊಂದೇ ಉಳಿಯುತ್ತದೆ.

ಹೀಗೆ ಮಾಡೋದು ನ್ಯಾಯವಾ? ಬಹುಪಾಲು ಸಂದರ್ಭದಲ್ಲಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಮೋಸ ಮಾಡಿದವನು ಪಾಪ ಅನ್ನೋ ಕಾರಣಕ್ಕಲ್ಲ. ಈ ಶಿಕ್ಷೆ ತಾಗಬೇಕಾದವನಿಗೆ ತಾಗೋದೇ ಇಲ್ಲ, ಅದಕ್ಕೆ.

ಪಕ್ಕಾ ಹ್ಯಾಕರ್ ಹೇಗೆ ಆಡುತ್ತಾನೆ ನೋಡಿ. ಅವನು ಮೇನ್ ಐಡಿ ಮುಟ್ಟಲ್ಲ. ಹೊಸ ಐಡಿ ಮಾಡಿಕೊಂಡು ಅದರಲ್ಲಿ ಪ್ಯಾನೆಲ್, ಅಂದರೆ ಹ್ಯಾಕ್ ಸಾಫ್ಟ್‌ವೇರ್, ಓಡಿಸುತ್ತಾನೆ. ಬ್ಯಾನ್ ಆಯ್ತಾ, ಇನ್ನೊಂದು ಐಡಿ. ಆ ಹೆಸರಿಗೆ ಮುಖ ಇಲ್ಲ, ಊರಿಲ್ಲ, ಅಪ್ಪ ಇಲ್ಲ. ನೀವು ಅದನ್ನು ನೂರು ಗ್ರೂಪಿಗೆ ಕಳಿಸಿದರೂ ಅವನಿಗೇನೂ ಆಗಲ್ಲ. ಮೂರೂ ಬಿಟ್ಟವರು ಊರಿಗೇ ದೊಡ್ಡವರು ಅಂತಾರಲ್ಲ, ಆ ಲೆಕ್ಕ. ಇನ್ನೊಂದು ಕಡೆ ಒಬ್ಬ ಪಿಯುಸಿ ಹುಡುಗ. ಸ್ವಂತ ಹೆಸರನ್ನೇ ಐಡಿಗೆ ಇಟ್ಟಿದ್ದಾನೆ, ಸ್ವಂತ ಫೇಸ್‌ಬುಕ್‌ನಿಂದ ಲಾಗಿನ್ ಆಗಿದ್ದಾನೆ. ಗೆಳೆಯ ಕೊಟ್ಟ ಯಾವುದೋ ಫೈಲನ್ನು ಎರಡು ದಿನ ಹಾಕಿ ನೋಡಿದ, ಅಥವಾ ಏನೂ ಮಾಡದೆ ಚೆನ್ನಾಗಿ ಆಡಿದ ಅಷ್ಟೇ. ಪೋಸ್ಟ್ ಪೂರ್ತಿ ತಾಗೋದು ಇವನಿಗೆ. ನಾಳೆ ಕಾಲೇಜಿಗೆ ಹೋಗಬೇಕಾದವನು ಇವನೇ.

ಕಂಪನಿಗಳೂ ಈ ವಿಷಯದಲ್ಲಿ ಒಂದೇ ತರಹ ನಡೆದುಕೊಂಡಿಲ್ಲ. ವಾಲ್ವ್ ಕಂಪನಿಯ ಸ್ಟೀಮ್ ಅನ್ನೋ ಗೇಮ್ ಅಂಗಡಿಯಲ್ಲಿ ಒಮ್ಮೆ ವ್ಯಾಕ್ (ಮೋಸ ಹಿಡಿಯುವ ಯಂತ್ರ ವ್ಯವಸ್ಥೆ) ಬ್ಯಾನ್ ಬಿದ್ದರೆ ನಿಮ್ಮ ಪ್ರೊಫೈಲ್ ಮೇಲೆ ಅದು ಎಲ್ಲರಿಗೂ ಕಾಣುತ್ತದೆ. ಬ್ಯಾನ್ ಆಗಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕದ ಸಮೇತ. ಬಿಜಿಎಂಐ ನಡೆಸುವ ಕ್ರಾಫ್ಟನ್, ಆಟ ಶುರುವಾದ 2021ರ ಜುಲೈ ಒಂದೇ ತಿಂಗಳಲ್ಲಿ 3,36,736 ಖಾತೆಗಳನ್ನು ಮುಚ್ಚಿದ್ದಾಗಿ ಹೇಳಿತು. ಆಮೇಲೆ ಬ್ಯಾನ್ ಆದ ಖಾತೆಗಳ ಹೆಸರಿನ ಪಟ್ಟಿಯನ್ನೂ ಹಾಕುತ್ತಾ ಬಂತು. ಗಿಲ್ಡ್ ವಾರ್ಸ್ 2 ಅನ್ನೋ ಆಟದವರು 2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೋಸ ಮಾಡುತ್ತಿದ್ದವನ ಪಾತ್ರವನ್ನು ಕಂಪನಿಯವರೇ ಹಿಡಿದುಕೊಂಡು, ಬಟ್ಟೆ ಬಿಚ್ಚಿಸಿ, ಎತ್ತರದಿಂದ ಕೆಳಗೆ ಹಾರಿಸಿ ಸಾಯಿಸಿ, ಅಳಿಸಿ ಹಾಕಿದರು. ಅದರ ವಿಡಿಯೋವನ್ನೂ ಬಿಟ್ಟರು. ನೋಡಿದವರು ಚಪ್ಪಾಳೆ ತಟ್ಟಿದರು. ಅಲ್ಲಿ ಮಾನ ಹೋಗಿದ್ದು ಒಂದು ಬೊಂಬೆಯದು ಮಾತ್ರ, ಅದರ ಹಿಂದಿದ್ದ ಮನುಷ್ಯ ಯಾರು ಅಂತ ಅವರು ಹೇಳಲಿಲ್ಲ. ಹಾಗಾಗಿ ನನಗೆ ಅದು ಅಷ್ಟು ಕೆಟ್ಟದ್ದು ಅನ್ನಿಸಲ್ಲ. ಸ್ವಲ್ಪ ಬಾಲಿಶ, ಅಷ್ಟೇ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ವ್ಯವಸ್ಥೆ ಇತ್ತು. ಕೌಂಟರ್-ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಗುಂಡಿನ ಆಟಕ್ಕೆ 2013ರಲ್ಲಿ ವಾಲ್ವ್‌ನವರೇ ತಂದದ್ದು, ಹೆಸರು ಓವರ್‌ವಾಚ್. ಅನುಭವಿ ಆಟಗಾರರಿಗೆ ಅನುಮಾನಿತನ ಆಟದ ರೆಕಾರ್ಡಿಂಗ್ ತೋರಿಸಿ ತೀರ್ಪು ಕೇಳುತ್ತಿದ್ದರು. ಆದರೆ ಅವನ ಹೆಸರು ತೋರಿಸುತ್ತಿರಲಿಲ್ಲ. ಪರದೆ ಮೇಲೆ ‘ಅನುಮಾನಿತ’ ಅಂತ ಮಾತ್ರ ಇರುತ್ತಿತ್ತು. ಅವನು ನಮ್ಮೂರವನಾ, ಹೋದ ವಾರ ನನಗೆ ಬೈದವನಾ, ಯಾವ ಭಾಷೆಯವನು, ಯಾವುದೂ ಗೊತ್ತಿಲ್ಲದೆ ಬರೀ ಆಟ ನೋಡಿ ಹೇಳಬೇಕು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲಾ ತಿರುಗುಮುರುಗು. ಹೆಸರು ಮೊದಲು ಬರುತ್ತೆ. ಆಟದ ವಿಡಿಯೋ ಕೇಳಿದರೆ ‘ನಾನೇ ನೋಡಿದೀನಿ ಗುರು’ ಅನ್ನೋದೇ ಸಾಕ್ಷಿ.

ಈ ‘ನಾನೇ ನೋಡಿದೀನಿ’ ಎಷ್ಟು ದುರ್ಬಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಫೋನಿನಲ್ಲಿ ನೋಡೋದು ಸರ್ವರ್‌ನಲ್ಲಿ ಆದದ್ದರ ತಡವಾದ ಚಿತ್ರ. ನಿಮ್ಮ ಪಿಂಗ್ (ಸರ್ವರ್‌ಗೆ ಹೋಗಿ ಬರೋಕೆ ಹಿಡಿಯುವ ಸಮಯ, ಮಿಲಿಸೆಕೆಂಡಿನಲ್ಲಿ) 120 ಇದ್ದು ಎದುರಿನವನದು 25 ಇದ್ದರೆ, ಅವನು ಮೂಲೆಯಿಂದ ಹೊರಗೆ ಬಂದದ್ದು ನಿಮಗೆ ಕಾಣುವ ಮೊದಲೇ ಅವನು ನಿಮ್ಮನ್ನು ನೋಡಿ ಗುಂಡು ಹಾರಿಸಿರುತ್ತಾನೆ. ನಿಮ್ಮ ಕಣ್ಣಿಗೆ ಅವನು ಬಂದದ್ದೂ ನೀವು ಸತ್ತದ್ದೂ ಒಂದೇ ಕ್ಷಣ. ನೀವು ಗೋಡೆ ಹಿಂದಕ್ಕೆ ಓಡಿ ಬಂದ ಮೇಲೆ ಗುಂಡು ಬಿದ್ದ ಹಾಗೆ ಕಾಣೋದೂ ಇದೇ ಕಾರಣಕ್ಕೆ. ಸತ್ತ ಮೇಲೆ ತೋರಿಸುವ ರಿಪ್ಲೇಯಲ್ಲಿ ಎದುರಿನವನ ಗುರಿ ಥಟ್ಟನೆ ಹಾರಿ ನಿಮ್ಮ ತಲೆಗೆ ಅಂಟಿದ ಹಾಗೆ ಕಾಣಬಹುದು. ಅವನ ಕೈ ಚಲನೆಯ ಪೂರ್ತಿ ಮಾಹಿತಿ ಅದರಲ್ಲಿ ಇರಲ್ಲ. ಸರ್ವರ್‌ಗೆ ಬಂದಷ್ಟು ತುಣುಕುಗಳನ್ನು ಜೋಡಿಸಿ ತೋರಿಸಿರುತ್ತಾರೆ. ಇನ್ನು ಅವನ ಹತ್ತಿರ ಸೆಕೆಂಡಿಗೆ 90 ಚಿತ್ರ ತೋರಿಸುವ (90 ಎಫ್‌ಪಿಎಸ್) ಫೋನು, ಒಳ್ಳೆ ಇಯರ್‌ಫೋನು, ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವ ಗೈರೊ ಅಭ್ಯಾಸ ಎಲ್ಲಾ ಇದ್ದು, ನಿಮ್ಮದು ಮೂರು ವರ್ಷದ ಹಳೇ ಸೆಟ್ಟು ಆಗಿದ್ದರೆ ಅವನು ಹ್ಯಾಕರ್ ಥರಾನೇ ಕಾಣುತ್ತಾನೆ. ಹೆಜ್ಜೆ ಸದ್ದು ಕೇಳಿ ಗೋಡೆಗೇ ಗುಂಡು ಹೊಡೆಯೋದು ಹ್ಯಾಕ್ ಅಲ್ಲ, ಕಲಿತ ವಿದ್ಯೆ.

ಮನುಷ್ಯರ ಕಣ್ಣು ಬಿಡಿ, ಯಂತ್ರಗಳೂ ತಪ್ಪುತ್ತವೆ. 2010ರ ಜುಲೈನಲ್ಲಿ ವ್ಯಾಕ್ ವ್ಯವಸ್ಥೆ ಮಾಡರ್ನ್ ವಾರ್‌ಫೇರ್ 2 ಆಡುತ್ತಿದ್ದ ಸುಮಾರು 12,000 ಜನರನ್ನು ತಪ್ಪಾಗಿ ಬ್ಯಾನ್ ಮಾಡಿತ್ತು. ವಾಲ್ವ್ ಕ್ಷಮೆ ಕೇಳಿ, ಬ್ಯಾನ್ ತೆಗೆದು, ಅವರಿಗೆ ಲೆಫ್ಟ್ 4 ಡೆಡ್ 2 ಆಟವನ್ನು ಪುಕ್ಕಟೆ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಮತ್ತೊಂದು. ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಡ್ರೈವರ್‌ಗೆ ಆಂಟಿ-ಲ್ಯಾಗ್ ಪ್ಲಸ್ ಅನ್ನೋ ಹೊಸ ಸೌಲಭ್ಯ ಸೇರಿಸಿತು. ಅದು ಆಟದ ಫೈಲುಗಳ ಒಳಗೆ ಕೈ ಹಾಕುತ್ತಿದ್ದ ರೀತಿ ನೋಡಿ ಕೌಂಟರ್-ಸ್ಟ್ರೈಕ್ 2 ಅದನ್ನು ಹ್ಯಾಕ್ ಅಂತಲೇ ತಿಳಿಯಿತು. ಡ್ರೈವರ್ ಅಪ್‌ಡೇಟ್ ಮಾಡಿ ಒಂದು ಸ್ವಿಚ್ ಒತ್ತಿದ್ದೇ ಆ ಆಟಗಾರರ ತಪ್ಪು. ಆಮೇಲೆ ಬ್ಯಾನ್ ತೆಗೆದರು. ಅದಾದರೂ ಕಂಪನಿ ಒಳಗಿನ ಬ್ಯಾನ್, ಒಂದು ಗುಂಡಿ ಒತ್ತಿದರೆ ಹೋಯ್ತು. ಗ್ರೂಪಿನಿಂದ ಗ್ರೂಪಿಗೆ ಓಡಿದ ಸ್ಕ್ರೀನ್‌ಶಾಟನ್ನು ವಾಪಸ್ ತರೋರು ಯಾರು?

ಕ್ರಾಫ್ಟನ್ ಹಾಕಿದಂಥ ಹೆಸರಿನ ಪಟ್ಟಿಯಲ್ಲಿ ಇನ್ನೊಂದು ಎಡವಟ್ಟಿದೆ. ತಾನೇ ಗುರಿ ಹಿಡಿಯುವ ಏಮ್‌ಬಾಟ್ ಹಾಕಿದವನೂ ಅದರಲ್ಲೇ, ಅಗ್ಗದ ಫೋನಿನಲ್ಲಿ ಆಟ ತಡವರಿಸದೆ ಓಡಲಿ ಅಂತ ಜಿಎಫ್ಎಕ್ಸ್ ಟೂಲ್ ಹಾಕಿದವನೂ ಅದರಲ್ಲೇ. ಎರಡೂ ನಿಯಮಕ್ಕೆ ವಿರುದ್ಧ, ಒಪ್ಪೋಣ. ಆದರೆ ಎರಡೂ ಒಂದೇ ತಪ್ಪಾ? ಹೆಸರಿನ ಪಟ್ಟಿ ಇದನ್ನು ಹೇಳಲ್ಲ. 2021ರ ಡಿಸೆಂಬರ್ ಕೊನೆಯಿಂದ ಕ್ರಾಫ್ಟನ್ ಫೋನನ್ನೇ ಬ್ಯಾನ್ ಮಾಡೋಕೆ ಶುರು ಮಾಡಿತು. ಹ್ಯಾಕರ್‌ಗೆ ನಿಜವಾಗಿ ಬಿಸಿ ಮುಟ್ಟಿಸುವ ಕ್ರಮ ಅದು, ಏಕೆಂದರೆ ಐಡಿ ಪುಕ್ಕಟೆ, ಫೋನ್ ಪುಕ್ಕಟೆ ಅಲ್ಲ. ಆದರೆ ಅದೇ ಫೋನನ್ನು ಅವನು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರಿದರೆ, ಕೊಂಡುಕೊಂಡ ಹುಡುಗ ಏನೂ ಅರಿಯದೆ ಕಳಂಕ ಹೊರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಳೇ ಫೋನ್ ಕೊಳ್ಳೋರು ಅಂಗಡಿಯಲ್ಲೇ ಒಂದು ಸಲ ಗೇಮ್ ತೆರೆದು ನೋಡಿಕೊಳ್ಳೋದು ಒಳ್ಳೇದು.

ಹಾಗಾದರೆ ಯಾರ ಹೆಸರನ್ನೂ ಯಾವತ್ತೂ ಹೇಳಲೇಬಾರದಾ? ಹಾಗಲ್ಲ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಟೂರ್ನಿ ನೆನಪಿರಬಹುದು. ಆಪ್ಟಿಕ್ ಇಂಡಿಯಾ ತಂಡ ವಿಯೆಟ್ನಾಂ ತಂಡದ ಎದುರು ಆಡುತ್ತಿತ್ತು. ಫಾರ್ಸೇಕನ್ ಅನ್ನೋ ಆಟದ ಹೆಸರಿನವನ ಕಂಪ್ಯೂಟರ್ ನೋಡೋಕೆ ಅಧಿಕಾರಿ ಬಂದರು. ಅವರು ಪಕ್ಕದಲ್ಲೇ ನಿಂತಿದ್ದಾಗ ಅವನು ಫೈಲ್ ಅಳಿಸೋಕೆ ಹೋದ. ಆ ಫೈಲಿಗೆ ಇಟ್ಟಿದ್ದ ಹೆಸರು ವರ್ಡ್ ಡಾಟ್ ಎಕ್ಸ್‌ಇ, ಏನೋ ಪತ್ರ ಟೈಪ್ ಮಾಡೋಕೆ ಬಂದವನ ಹಾಗೆ. ತಂಡವನ್ನು ಟೂರ್ನಿಯಿಂದ ಹೊರಹಾಕಿದರು. ಆಪ್ಟಿಕ್ ಸಂಸ್ಥೆ ಭಾರತದ ಇಡೀ ತಂಡವನ್ನೇ ಮುಚ್ಚಿತು. ಇ-ಸ್ಪೋರ್ಟ್ಸ್‌ನ ನಿಗಾ ಸಂಸ್ಥೆ ಇಎಸ್‌ಐಸಿ ಅವನಿಗೆ ಐದು ವರ್ಷ ನಿಷೇಧ ಹಾಕಿತು. ಅದಕ್ಕೂ ಮೊದಲೇ ಒಮ್ಮೆ ಅವನ ಮೇಲೆ ಮೋಸದ ನಿಷೇಧ ಬಿದ್ದಿತ್ತು ಅನ್ನೋದು ಇಲ್ಲಿ ಮುಖ್ಯ. ಏನೂ ಮಾಡದ ಉಳಿದ ನಾಲ್ವರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಇಂಥ ಕಡೆ ಹೆಸರು ಹೇಳಲೇಬೇಕು. ದೊಡ್ಡ ಬಹುಮಾನ ಇದೆ, ಸಂಬಳ ಇದೆ, ದೇಶದ ಹೆಸರಿದೆ. ನಾಳೆ ಇನ್ನೊಂದು ತಂಡ ಅವನನ್ನು ಸೇರಿಸಿಕೊಳ್ಳುವ ಮೊದಲು ವಿಷಯ ಗೊತ್ತಿರಬೇಕು. ಸಾಕ್ಷಿ ಕೈಯಲ್ಲಿದೆ, ವಿಚಾರಣೆ ಆಗಿದೆ, ಶಿಕ್ಷೆಗೆ ಇಷ್ಟೇ ವರ್ಷ ಅಂತ ಕೊನೆ ಇದೆ. ಇವು ಯಾವುವೂ ಗ್ರೂಪಿನ ಪೋಸ್ಟಿನಲ್ಲಿ ಇರಲ್ಲ.

ನಮ್ಮ ಕಡೆ ಹಳ್ಳಿಗಳಲ್ಲಿ ನ್ಯಾಯ ಸೇರಿಸಿ ತಪ್ಪು ಕಾಣಿಕೆ ಹಾಕುತ್ತಿದ್ದರು. ಆ ಪಂಚಾಯ್ತಿಗಳು ಬಡವರಿಗೆ, ಹೆಂಗಸರಿಗೆ, ಕೆಳಜಾತಿಯವರಿಗೆ ಮಾಡಿದ ಅನ್ಯಾಯ ಕಡಿಮೆ ಅಲ್ಲ, ಅದನ್ನು ಹೊಗಳೋಕೆ ನಾನು ಹೊರಟಿಲ್ಲ. ಆದರೂ ಅಲ್ಲಿ ಒಂದು ಕ್ರಮ ಇತ್ತು. ಆರೋಪ ಹೊತ್ತವನು ಎದುರಿಗೆ ನಿಂತು ಮಾತಾಡಬಹುದಿತ್ತು, ಕಾಣಿಕೆ ಕಟ್ಟಿದ ಮೇಲೆ ವಿಷಯ ಮುಗಿಯುತ್ತಿತ್ತು. ಫೋನಿನಲ್ಲಿ ನಡೆಯುವ ಪಂಚಾಯ್ತಿಯಲ್ಲಿ ಎರಡೂ ಇಲ್ಲ. ಆರೋಪಿಯನ್ನು ಗ್ರೂಪಿನಿಂದ ರಿಮೂವ್ ಮಾಡಿ ಆಮೇಲೆ ಚರ್ಚೆ ಶುರು ಮಾಡುತ್ತಾರೆ!

ಇದರ ಕೆಟ್ಟ ಮುಖ ಕಂಡದ್ದು ಚೆಸ್‌ನಲ್ಲಿ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಅವರ ಊರು ಮೈಸೂರು. ಇಲ್ಲಿ ಚೆಸ್ ಕ್ಲಾಸಿಗೆ ಹೋಗುವ ಎಷ್ಟೋ ಮಕ್ಕಳು ರಾತ್ರಿ ಆನ್‌ಲೈನ್‌ನಲ್ಲೂ ಆಡುತ್ತಾರೆ, ಹಾಗಾಗಿ ಈ ಕತೆ ನಮಗೆ ದೂರದ್ದಲ್ಲ. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ ಆನ್‌ಲೈನ್ ಆಟದಲ್ಲಿ ಮೋಸ ಮಾಡುತ್ತಾರೆ ಅನ್ನೋ ಅನುಮಾನವನ್ನು 2024ರಿಂದ ಬಹಿರಂಗವಾಗಿ ಹೇಳುತ್ತಾ ಬಂದರು. ಯಾವ ಸಂಸ್ಥೆಯೂ ಅದನ್ನು ಸಾಬೀತು ಮಾಡಿರಲಿಲ್ಲ. ನರೊಡಿಟ್ಸ್ಕಿ ಅದನ್ನು ಅಲ್ಲಗಳೆಯುತ್ತಲೇ ಇದ್ದರು, ಅದರಿಂದ ತಮಗೆ ಆಗುತ್ತಿರುವ ಕಷ್ಟವನ್ನೂ ಹೇಳಿಕೊಂಡಿದ್ದರು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ವಯಸ್ಸು 29. ಸಾವಿಗೆ ಆರೋಪವೇ ಕಾರಣ ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಒಬ್ಬ ಮನುಷ್ಯ ತನ್ನ ಕೊನೆಯ ವರ್ಷವನ್ನು ‘ನಾನು ಕಳ್ಳ ಅಲ್ಲ’ ಅಂತ ಹೇಳಿಕೊಳ್ಳುವುದರಲ್ಲಿ ಕಳೆದ ಅನ್ನೋದು ನಿಜ. ಆಮೇಲೆ ವಿಶ್ವ ಚೆಸ್ ಸಂಸ್ಥೆ ಫಿಡೆಯೇ ಕ್ರಾಮ್ನಿಕ್ ವಿರುದ್ಧ ತನ್ನ ನೀತಿ ಸಮಿತಿಗೆ ದೂರು ಕೊಟ್ಟಿತು.

ಅಮೆರಿಕದ ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಹ್ಯಾನ್ಸ್ ನೀಮನ್ ವಿಷಯ ಅಷ್ಟು ನೇರವಾಗಿಲ್ಲ. 12 ಮತ್ತು 16ನೇ ವಯಸ್ಸಿನಲ್ಲಿ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದಾಗಿ ಅವನೇ ಒಪ್ಪಿಕೊಂಡ. 2022ರಲ್ಲಿ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವನಿಗೆ ಸೋತು ಟೂರ್ನಿ ಬಿಟ್ಟ ಮೇಲೆ, ಆನ್‌ಲೈನ್ ಚೆಸ್ ವೆಬ್‌ಸೈಟ್ ಚೆಸ್ ಡಾಟ್ ಕಾಮ್ 72 ಪುಟದ ವರದಿ ತಂದು, ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿರುವ ಸಾಧ್ಯತೆ ಇದೆ ಎಂದಿತು. ಅವನು 10 ಕೋಟಿ ಡಾಲರ್ ಕೇಳಿ ಕೇಸು ಹಾಕಿದ. 2023ರಲ್ಲಿ ರಾಜಿಯಾಯಿತು. ಈ ಗಲಾಟೆಗೂ ಮೊದಲು ಅವನ ಹಳೇ ತಪ್ಪನ್ನು ವೆಬ್‌ಸೈಟಿನವರು ಅವನ ಜೊತೆಯಲ್ಲೇ, ಗುಟ್ಟಾಗಿ ಬಗೆಹರಿಸಿದ್ದರು. ಹುಡುಗನಾಗಿದ್ದಾಗಿನ ತಪ್ಪಿಗೆ ಆ ದಾರಿಯೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ನಮ್ಮ ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾದ ನಿಖಿಲ್ ಕಾಮತ್. 2021ರ ಜೂನ್‌ನಲ್ಲಿ ಅಕ್ಷಯ ಪಾತ್ರೆಗಾಗಿ ನಡೆದ ಸಹಾಯಾರ್ಥ ಪಂದ್ಯದಲ್ಲಿ ವಿಶ್ವನಾಥನ್ ಆನಂದ್ ಅವರನ್ನೇ ಸೋಲಿಸಿದರು. ಮಾರನೇ ದಿನ ಕಂಪ್ಯೂಟರ್ ಮತ್ತು ಬೇರೆಯವರ ಸಹಾಯ ಪಡೆದದ್ದನ್ನು ಒಪ್ಪಿ ಕ್ಷಮೆ ಕೇಳಿದರು. ಖಾತೆ ಮುಚ್ಚಿತು, ಆಮೇಲೆ ತೆರೆಯಿತು. ಎರಡು ದಿನ ಜನ ನಕ್ಕರು, ಮರೆತರು. ದೊಡ್ಡವರಿಗೆ ಬೇರೆ ಗುರುತುಗಳು ಇರುತ್ತವೆ, ಒಂದು ತಪ್ಪು ಅವುಗಳ ಕೆಳಗೆ ಮುಚ್ಚಿಹೋಗುತ್ತದೆ. ಪಿಯುಸಿ ಹುಡುಗನಿಗೆ ಊರಲ್ಲಿ ಇರೋದೇ ಒಂದು ಗುರುತು. ಅದರ ಮೇಲೆ ‘ಹ್ಯಾಕರ್’ ಅಂತ ಬರೆದರೆ ಬೇರೇನೂ ಉಳಿಯಲ್ಲ.

ಅವನು ಹದಿನೆಂಟು ದಾಟಿರಲ್ಲ ಅನ್ನೋದು ಇನ್ನೊಂದು. ಬಿಜಿಎಂಐ ಅಪ್ರಾಪ್ತರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇಟ್ಟಿದೆ, ಅಂದರೆ ಮಕ್ಕಳು ಆಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ನಿಜವಾದ ಅಪರಾಧ ಮಾಡಿ ಬಾಲನ್ಯಾಯ ಮಂಡಳಿ ಎದುರು ನಿಂತ ಹುಡುಗನ ಹೆಸರು, ಫೋಟೋ, ಶಾಲೆ ಯಾವುದನ್ನೂ ಪ್ರಕಟಿಸಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಸರ ಕಿತ್ತವನಿಗೆ ಇರುವ ರಕ್ಷಣೆ ಗೇಮಲ್ಲಿ ಗೋಡೆ ಆಚೆ ನೋಡಿದವನಿಗೆ ಬೇಡವಾ? 2017ರಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ ಹ್ಯಾಕ್ ವಿಷಯಕ್ಕೆ ಒಬ್ಬನ ಮೇಲೆ ಅಮೆರಿಕದ ಕೋರ್ಟಿಗೆ ಹೋಯಿತು. ನೋಡಿದರೆ ಅವನಿಗೆ 14 ವರ್ಷ. ಅವನ ತಾಯಿ ನ್ಯಾಯಾಧೀಶರಿಗೆ ಪತ್ರ ಬರೆದು, ಮಗನ ಹೆಸರನ್ನು ಬಯಲು ಮಾಡಿದ್ದನ್ನೂ ಆಕ್ಷೇಪಿಸಿದರು.

ದೊಡ್ಡವರ ವಿಷಯದಲ್ಲೂ ಕಾನೂನು ಸುಮ್ನೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟದ್ದು, ಎರಡು ವರ್ಷದವರೆಗೆ ಸಜೆ ಆಗಬಹುದು. ‘ನಾನು ಹೇಳಿದ್ದು ನಿಜ’ ಅಂದರೆ ಸಾಲದು. ನಿಜ ಅಂತ ತೋರಿಸಬೇಕು, ಅದನ್ನು ಹೇಳಿದ್ದು ಸಾರ್ವಜನಿಕರ ಒಳಿತಿಗೆ ಅಂತಾನೂ ತೋರಿಸಬೇಕು. ಐವತ್ತು ರೂಪಾಯಿ ರೂಮಿನ ಹ್ಯಾಕರ್‌ನ ಅಪ್ಪನ ಅಂಗಡಿ ವಿಳಾಸ ಹಾಕಿದ್ದರಲ್ಲಿ ಸಾರ್ವಜನಿಕರ ಯಾವ ಒಳಿತಿದೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ. ಆ ಹಕ್ಕು ಸರ್ಕಾರದ ಎದುರು ಮಾತ್ರ ನೆನಪಾಗಿ, ಗ್ರೂಪಿನಲ್ಲಿ ಮರೆತುಹೋಗುತ್ತದೆ.

ಮೋಸ ಹೋದವನಿಗೆ ನಿಜವಾಗಿ ಬೇಕಾಗಿರೋದು ಎರಡೇ. ತನ್ನ ದೂರಿಗೆ ಏನಾಯ್ತು ಅಂತ ಗೊತ್ತಾಗಬೇಕು, ಕಳೆದದ್ದು ವಾಪಸ್ ಬರಬೇಕು. ವಾಲೊರಂಟ್ ಆಟದಲ್ಲಿ ಹ್ಯಾಕರ್ ಸಿಕ್ಕಿಬಿದ್ದರೆ ಮ್ಯಾಚನ್ನು ಅಲ್ಲೇ ನಿಲ್ಲಿಸಿ ಎಲ್ಲರಿಗೂ ತಿಳಿಸುತ್ತಾರೆ. ಡೋಟಾ 2ರಲ್ಲಿ 2023ರ ಫೆಬ್ರುವರಿಯಲ್ಲಿ ವಾಲ್ವ್, ಹ್ಯಾಕ್ ಮಾತ್ರ ಓದಬಲ್ಲ ಸುಳ್ಳು ಮಾಹಿತಿಯನ್ನು ಆಟದೊಳಗೆ ಇಟ್ಟು, ಅದನ್ನು ಓದಿದ 40,000ಕ್ಕೂ ಹೆಚ್ಚು ಖಾತೆಗಳನ್ನು ಹಿಡಿಯಿತು. ಹೇಗೆ ಹಿಡಿದೆವು ಅಂತ ಊರಿಗೆಲ್ಲಾ ಸಾರಿತು, ಹಿಡಿದವರ ಹೆಸರು ಹಾಕಲಿಲ್ಲ. ಆಟಗಾರರಿಗೆ ಅಷ್ಟರಲ್ಲೇ ಸಮಾಧಾನ ಆಯಿತು.

ನಮ್ಮ ಕಾಲೇಜು ಫೆಸ್ಟುಗಳ ಟೂರ್ನಿಗೂ ಇದನ್ನೇ ಮಾಡಬಹುದು. ಆಟ ಶುರುವಾಗುವ ಮೊದಲೇ ಎಲ್ಲರೂ ಸ್ಕ್ರೀನ್ ರೆಕಾರ್ಡಿಂಗ್ ಹಾಕಬೇಕು ಅನ್ನಿ. ಅನುಮಾನ ಬಂದರೆ ಬಹುಮಾನ ತಡೆಹಿಡಿದು, ಐಡಿ ಮುಚ್ಚಿದ ವಿಡಿಯೋವನ್ನು ಬೇರೆ ಕಾಲೇಜಿನ ಇಬ್ಬರು ಆಟಗಾರರಿಗೆ ತೋರಿಸಿ. ಅವನಿಗೂ ಮಾತಾಡೋಕೆ ಬಿಡಿ. ಸಾಬೀತಾದರೆ ಐಡಿಯನ್ನು ಬೇರೆ ಆಯೋಜಕರಿಗೆ ಮಾತ್ರ ಕೊಡಿ, ಒಂದು ವರ್ಷಕ್ಕೆ. ಇನ್‌ಸ್ಟಾಗ್ರಾಂ ಸ್ಟೋರಿಗೆ ಅಲ್ಲ.

ಅಷ್ಟೊಂದು ಸಿಟ್ಟು ಇದ್ದರೆ ಅದನ್ನು ಪ್ಯಾನೆಲ್ ಮಾರುವವನ ಕಡೆ ತಿರುಗಿಸಬಹುದು. ಟೆಲಿಗ್ರಾಂ ಚಾನೆಲ್‌ನಲ್ಲಿ ಕೂತು, ಒಂದು ದಿನದ ಕೀ, ವಾರದ ಕೀ, ತಿಂಗಳ ಕೀ ಅಂತ ರೇಟು ಹಾಕಿ, ‘ಆಂಟಿಬ್ಯಾನ್, ಮೇನ್ ಐಡಿ ಸೇಫ್’ ಅಂತ ಸುಳ್ಳು ಹೇಳಿ ಹುಡುಗರ ಹತ್ತಿರ ಯುಪಿಐನಲ್ಲಿ ದುಡ್ಡು ಇಸಕೊಳ್ಳೋನು ಅವನು. ದಕ್ಷಿಣ ಕೊರಿಯಾದಲ್ಲಿ ಹ್ಯಾಕ್ ತಯಾರಿಸಿ ಹಂಚುವವನಿಗೆ ಐದು ವರ್ಷದವರೆಗೆ ಜೈಲು ಅಥವಾ 5 ಕೋಟಿ ವಾನ್‌ವರೆಗೆ ದಂಡ ಹಾಕುವ ಕಾನೂನು 2017ರಿಂದ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಆದರೆ ಆ ಫೈಲು ಹಾಕಿದ ಮೇಲೆ ಫೋನಿನಿಂದ ಪಾಸ್‌ವರ್ಡು, ಓಟಿಪಿ ಸೋರಿದರೆ, ಖಾತೆಯಿಂದ ದುಡ್ಡು ಹೋದರೆ ಅದು ನೇರ ಸೈಬರ್ ಅಪರಾಧ, ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು. ಮೈಸೂರಲ್ಲೂ ಮಂಡ್ಯದಲ್ಲೂ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ. ಯುಪಿಐ ಐಡಿ, ಚಾನೆಲ್ ಲಿಂಕು, ಪೇಮೆಂಟ್ ಸ್ಕ್ರೀನ್‌ಶಾಟ್ ಇಷ್ಟು ಇಟ್ಟುಕೊಂಡು ಹೋದರೆ ಅವರಿಗೂ ಹಿಡಿಯೋಕೆ ಏನಾದರೂ ಸಿಗುತ್ತೆ.